ಪೀಟರ್ ಶ್ರಾಯರ್ ಹಾಡಿದ ಬಾಖ್: ಕೇಳಿದವರು ಬನ್ನಿ, ಮಾತಾಡೋಣ

ಎಲ್ಬೆ ದಂಡೆ:

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಕಡೆಯವಳು. ನಾಲ್ಕು ವರ್ಷದಿಂದ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ನರ್ಸ್ ಆಗಿದ್ದೇನೆ. ಹೋದ ಚಳಿಗಾಲ ನಮ್ಮ ವಾರ್ಡಿನಲ್ಲಿ ಒಬ್ಬ ಅಜ್ಜ ಇದ್ದರು. ರಾತ್ರಿ ಪಾಳಿಯಲ್ಲಿ ಮಾತ್ರೆ ಕೊಡಲು ಹೋದಾಗೆಲ್ಲ ಇಯರ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಮಲಗಿರುತ್ತಿದ್ದರು. ಒಂದು ರಾತ್ರಿ ಒಂದು ಕಿವಿಯದ್ದನ್ನು ತೆಗೆದು ನನ್ನ ಕೈಗೆ ಕೊಟ್ಟರು.

ಒಬ್ಬ ಗಂಡಸಿನ ದನಿ. ಅದು ಪೂರ್ತಿ ಹಾಡಲ್ಲ, ಪೂರ್ತಿ ಮಾತೂ ಅಲ್ಲ. ಹಿಂದೆ ಆರ್ಗನ್ ಮತ್ತು ಚೆಲ್ಲೊ, ಅಷ್ಟೇ. ಯಾರೋ ಎದುರಿಗೆ ಕೂತು ನಡೆದದ್ದನ್ನು ಹೇಳುತ್ತಿದ್ದ ಹಾಗಿತ್ತು. ಇದ್ದಕ್ಕಿದ್ದಂತೆ ಒಂದು ಪದ ಮೇಲೆ ಏರಿತು, ಅಲ್ಲೇ ನಡುಗಿತು, ಮೆಲ್ಲಗೆ ಕೆಳಗೆ ಇಳಿಯಿತು. "ಪೇತ್ರ ಅಳುತ್ತಿದ್ದಾನೆ" ಎಂದರು ಅಜ್ಜ. ಪೇತ್ರ ಅಂದರೆ ಯೇಸುವಿನ ಶಿಷ್ಯ. ನನಗೆ ಆಗ ಜರ್ಮನ್ ಅಷ್ಟಕ್ಕಷ್ಟೇ. ಆದರೂ ಆ ಪದ ಅಳು ಅನ್ನುವುದು ಅವರು ಹೇಳುವ ಮೊದಲೇ ಗೊತ್ತಾಗಿತ್ತು.

ಅದು ಹದಿನೆಂಟನೇ ಶತಮಾನದ ಜರ್ಮನ್ ಸಂಗೀತಕಾರ ಬಾಖ್‌ನ ಮತ್ತಾಯ ಪ್ಯಾಶನ್. ಹಾಡಿದವರು ಪೀಟರ್ ಶ್ರಾಯರ್, ಇದೇ ಊರಿನವರು ಅಂತಲೇ ಹೇಳಬಹುದು. 1935ರಲ್ಲಿ ಹತ್ತಿರದ ಮೈಸನ್‌ನಲ್ಲಿ ಹುಟ್ಟಿ, 2019ರ ಡಿಸೆಂಬರ್ 25ರಂದು ಡ್ರೆಸ್ಡೆನ್‌ನಲ್ಲಿ ತೀರಿಕೊಂಡರು. ಹೌದು, ಕ್ರಿಸ್ಮಸ್ ದಿನವೇ. ಅಂದಿನಿಂದ ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ, ಕೇಳುತ್ತಿದ್ದೇನೆ. ಕನ್ನಡದಲ್ಲಿ ಇದರ ಬಗ್ಗೆ ಮಾತಾಡಲು ಯಾರೂ ಸಿಕ್ಕಿಲ್ಲ. ಇಲ್ಲಿ ಯಾರಾದರೂ ಇದ್ದೀರಾ?

ಮೈಸೂರು ಕೇಳುಗ:

ಚೆನ್ನಾಗಿ ಬರೆದಿದ್ದೀರಮ್ಮ. ನಾನು ಕರ್ನಾಟಕ ಸಂಗೀತ ಕೇಳಿಕೊಂಡು ಬೆಳೆದವನು, ಬಾಖ್ ಬಗ್ಗೆ ಹೆಸರು ಬಿಟ್ಟು ಏನೂ ತಿಳಿಯದು. ಒಂದು ಪ್ರಶ್ನೆ. ನೀವು ಹೇಳಿದ್ದು ನಮ್ಮ ಗಮಕದ ಹಾಗಿದೆಯಲ್ಲ? ಕಾವ್ಯವನ್ನು ರಾಗದಲ್ಲಿ ವಾಚನ ಮಾಡುವುದು, ಪದ ಮುಂದೆ, ರಾಗ ಹಿಂದೆ. ಇವರದೂ ಅದೇ ಕೆಲಸವೇ?

ಬಲ್ಮಠ ಕೋರಸ್:

ಸರ್, ಹತ್ತಿರ ಇದೆ, ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ಗಮಕಿ ರಾಗವನ್ನು ತಾನೇ ಆರಿಸಿಕೊಂಡು ಬೆಳೆಸಬಹುದು. ಇಲ್ಲಿ ಪ್ರತಿ ಸ್ವರವನ್ನೂ ಬಾಖ್ ಬರೆದಿಟ್ಟಿದ್ದಾನೆ. ಹಾಡುವವನ ಕೈಯಲ್ಲಿ ಉಳಿದಿರುವುದು ಓಟ, ತಡೆ, ಒತ್ತು, ಉಸಿರು. ಆ ನಾಲ್ಕರಲ್ಲೇ ಎಲ್ಲ ಮಾಡಬೇಕು.

ನಾನು ಮಂಗಳೂರಿನ ಚರ್ಚ್ ಕೋರಸ್‌ನಲ್ಲಿ ಮೂವತ್ತು ವರ್ಷದಿಂದ ಟೆನರ್, ಅಂದರೆ ಗಂಡಸರ ಮೇಲಿನ ದನಿ, ಹಾಡುತ್ತಿದ್ದೇನೆ. ಗೊತ್ತಿಲ್ಲದವರಿಗಾಗಿ ಪ್ಯಾಶನ್ ಹೇಗಿರುತ್ತದೆ ಅಂತ ಹೇಳುತ್ತೇನೆ. ಯೇಸುವನ್ನು ಹಿಡಿದುಕೊಟ್ಟಲ್ಲಿಂದ ಸಮಾಧಿಯವರೆಗಿನ ಕತೆ ಅದು. ಸುವಾರ್ತೆಯ ಮಾತುಗಳನ್ನು ಒಂದು ಅಕ್ಷರ ಬಿಡದೆ ಹೇಳುವವನು ಒಬ್ಬ ಟೆನರ್, ಅವನನ್ನು ಇವಾಂಗೆಲಿಸ್ಟ್ ಅನ್ನುತ್ತಾರೆ. ಯೇಸುವಿನ ಮಾತು ಬಾಸ್, ಅಂದರೆ ಕೆಳಗಿನ ದನಿಯವನಿಗೆ. ಗುಂಪಿನ ಕೂಗು ಕೋರಸ್‌ಗೆ. ನಡುನಡುವೆ ಕತೆ ನಿಲ್ಲುತ್ತದೆ. ಆಗ ಯಾರಾದರೂ ಒಬ್ಬರು ಏರಿಯ ಹಾಡುತ್ತಾರೆ, ಅಂದರೆ ನಡೆದದ್ದನ್ನು ಕಂಡ ಮನಸ್ಸಿನ ಹಾಡು. ಇಲ್ಲವೇ ಎಲ್ಲರೂ ಸೇರಿ ಕೋರಾಲ್ ಹಾಡುತ್ತಾರೆ. ಅದು ಸಭೆಯವರಿಗೆ ಮೊದಲೇ ಬಾಯಿಪಾಠ ಇರುವ ಕೀರ್ತನೆ.

ಮತ್ತಾಯದಲ್ಲಿ ಬಾಖ್ ಒಂದು ಕೆಲಸ ಮಾಡಿದ್ದಾನೆ. ಯೇಸು ಮಾತಾಡಿದಾಗೆಲ್ಲ ಸುತ್ತ ತಂತಿವಾದ್ಯಗಳು ಮೆಲ್ಲಗೆ ಹಿಡಿದುಕೊಳ್ಳುತ್ತವೆ, ಚಿತ್ರಗಳಲ್ಲಿ ತಲೆಯ ಸುತ್ತ ಬೆಳಕು ಇರುತ್ತದಲ್ಲ, ಹಾಗೆ. ಶಿಲುಬೆಯ ಮೇಲೆ "ಏಲೀ, ಏಲೀ, ಲಮಾ ಸಬಕ್ತಾನೀ" ಅಂದಾಗ ಮಾತ್ರ ಆ ತಂತಿಗಳು ಇಲ್ಲ. ಆ ಕೂಗನ್ನು ಇವಾಂಗೆಲಿಸ್ಟ್ ಮತ್ತೊಮ್ಮೆ ಜರ್ಮನ್‌ನಲ್ಲಿ ಹೇಳಬೇಕು, ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟೆ ಅಂತ. ಅಲ್ಲಿ ಶ್ರಾಯರ್ ಏನು ಮಾಡುತ್ತಾರೆ ಕೇಳಿ. ದನಿ ಎತ್ತುವುದಿಲ್ಲ. ಬಹಳ ಜನ ಎತ್ತುತ್ತಾರೆ.

ಇನ್ನೊಂದು ಮಾತು. ಬಾಸೆಲ್ ಮಿಶನ್‌ನವರು 1834ರಲ್ಲಿ ಮಂಗಳೂರಿಗೆ ಬಂದಾಗ ಇಂಥ ಜರ್ಮನ್ ಕೋರಾಲ್ ರಾಗಗಳೂ ಅವರ ಜೊತೆ ಬಂದವು. ಅವಕ್ಕೆ ಕನ್ನಡ ಮಾತು ಕೂಡಿಸಿದರು. ನಮ್ಮ ಅಜ್ಜಿ ಜರ್ಮನಿ ಎಲ್ಲಿದೆ ಅಂತ ತಿಳಿಯದೆ ಆ ರಾಗಗಳನ್ನು ಹಾಡುತ್ತಿದ್ದರು. ಹಾಗಾಗಿ ನಾನು ಮೊದಲ ಸಲ ಬಾಖ್ ಕೇಳಿದಾಗ ಕೋರಾಲ್‌ಗಳ ಜಾಗದಲ್ಲಿ ಮನೆಯಲ್ಲೇ ಇದ್ದ ಹಾಗಾಯಿತು.

ಎಲ್ಬೆ ದಂಡೆ:

ಸರ್, ತುಂಬ ಥ್ಯಾಂಕ್ಸ್. ಅಜ್ಜಿಯ ವಿಷಯ ಓದಿ ಗಂಟಲು ಕಟ್ಟಿತು.

ಶ್ರಾಯರ್ ಹೀಗೆ ಹೇಳಲು ಕಲಿತದ್ದು ಎಲ್ಲಿ ಅಂತ ಹುಡುಕಿದೆ. ಅವರ ತಂದೆ ಗೌವರ್ನಿಟ್ಸ್ ಎಂಬ ಹಳ್ಳಿಯಲ್ಲಿ ಮೇಷ್ಟ್ರು, ಅಲ್ಲಿನ ಚರ್ಚಿನ ಸಂಗೀತವೂ ಅವರದೇ. ಮಗ ಎಂಟು ವರ್ಷಕ್ಕೆ ಡ್ರೆಸ್ಡೆನ್‌ನ ಕ್ರಾಯ್ತ್ಸ್‌ಕೋರ್‌ನ ಪೂರ್ವಸಿದ್ಧತೆ ತರಗತಿಗೆ ಸೇರಿದ. ಅದು ಶಿಲುಬೆ ಚರ್ಚಿನ ಹುಡುಗರ ಕೋರಸ್, 2016ರಲ್ಲಿ 800 ವರ್ಷ ಆಚರಿಸಿಕೊಂಡಿತು. ಹೊಯ್ಸಳರು ಆಳುತ್ತಿದ್ದ ಕಾಲದಿಂದ ಒಂದೇ ಊರಿನಲ್ಲಿ ಹುಡುಗರು ಹಾಡುತ್ತಲೇ ಇದ್ದಾರೆ!

1945ರ ಫೆಬ್ರವರಿ 13ರ ರಾತ್ರಿ ಈ ಊರಿನ ಮೇಲೆ ಬಾಂಬು ಬಿತ್ತು. ಚರ್ಚು ಸುಟ್ಟುಹೋಯಿತು. ಕೋರಸ್‌ನ 11 ಹುಡುಗರು ಸತ್ತರು. ಗುರುಗಳಾಗಿದ್ದ ರುಡೋಲ್ಫ್ ಮೌವರ್ಸ್‌ಬೆರ್ಗರ್ ಬದುಕುಳಿದರು. ಉಳಿದ ಹುಡುಗರನ್ನು ಒಬ್ಬೊಬ್ಬರನ್ನಾಗಿ ಕೂಡಿಸಿ ಅದೇ ವರ್ಷ ಆಗಸ್ಟ್ 4ರಂದು ಸುಟ್ಟ ಚರ್ಚಿನ ಗೋಡೆಗಳ ನಡುವೆಯೇ ಹಾಡಿಸಿದರು. ಬೈಬಲ್‌ನ ಯೆರೆಮೀಯನ ಪ್ರಲಾಪಗಳಿಂದ ಮಾತು ತೆಗೆದುಕೊಂಡು ಅವರೇ ಬರೆದ ಹಾಡು ಅದು. ಜನ ತುಂಬಿದ್ದ ಊರು ಹಾಳುಬಿದ್ದಿದೆಯಲ್ಲಾ ಎಂಬ ಮಾತಿನಿಂದ ಶುರುವಾಗುತ್ತದೆ.

ಶ್ರಾಯರ್ ಆ ಬೇಸಿಗೆಯಲ್ಲೇ ಕೋರಸ್‌ನ ವಸತಿಗೆ ಬಂದವರು. ಇನ್ನೂ ಹತ್ತು ತುಂಬಿರಲಿಲ್ಲ. ಊರಾಚೆಯ ಒಂದು ಕಟ್ಟಡದ ನೆಲಮಾಳಿಗೆಯಲ್ಲಿ ಹುಡುಗರ ವಾಸ. ಮೊದಲು ಸೊಪ್ರಾನೊ, ಅಂದರೆ ಎಲ್ಲಕ್ಕಿಂತ ಮೇಲಿನ ದನಿ, ಹಾಡಿಸಿದರು. ಈ ಹುಡುಗನದು ಅದಕ್ಕಿಂತ ಕೆಳಗಿನ ಆಲ್ಟೊ ದನಿ ಅಂತ ಗುರುತಿಸಿದ್ದು ಮೌವರ್ಸ್‌ಬೆರ್ಗರ್. ಅವನಿಗಾಗಿಯೇ ಹಾಡು ಬರೆದರು. ಆ ದನಿಯ ರೆಕಾರ್ಡಿಂಗ್ ಈಗಲೂ ಸಿಗುತ್ತದೆ. ದನಿ ಒಡೆಯುವ ವಯಸ್ಸು ಬಂದಾಗ ಹುಡುಗನಿಗೆ ಒಂದೇ ಆಸೆ, ಟೆನರ್ ಆಗಬೇಕು. ಯಾಕೆಂದರೆ ಇವಾಂಗೆಲಿಸ್ಟ್ ಟೆನರ್. ಹದಿನಾರಕ್ಕೆ ಟೆನರ್ ಆದ.

ನಾನು ಆಗಾಗ ಆ ಚರ್ಚಿಗೆ ಹೋಗುತ್ತೇನೆ. 1955ರಲ್ಲಿ ಮತ್ತೆ ತೆರೆದಾಗ ಒಳಗೋಡೆಗಳಿಗೆ ಒರಟು ಗಾರೆ ಬಳಿದು ಹಾಗೇ ಬಿಟ್ಟರು, ಈಗಲೂ ಹಾಗೇ ಇದೆ. ಮೊದಲ ಸಲ ನೋಡಿದಾಗ ಕೆಲಸ ಇನ್ನೂ ಮುಗಿದಿಲ್ಲ ಅಂದುಕೊಂಡಿದ್ದೆ.

ಪಿಟೀಲು ಪೆಟ್ಟಿಗೆ:

ಅವರ ಬದುಕಿನ ಕತೆ ದೊಡ್ಡದು, ಒಪ್ಪುತ್ತೇನೆ. ಆದರೆ ದನಿಯ ಬಗ್ಗೆಯೂ ಮಾತಾಡೋಣ. ನನ್ನ ಕಿವಿಗೆ ಶ್ರಾಯರ್ ದನಿ ಸ್ವಲ್ಪ ಒಣ. ಮೇಲಿನ ಸ್ವರಗಳಲ್ಲಿ ಅಂಚು ಜಾಸ್ತಿ. ಅದೇ ಕಾಲದ ಟೆನರ್ ಫ್ರಿಟ್ಸ್ ವುಂಡರ್ಲಿಖ್ ಕೇಳಿ, ಜೇನು. 1965ರಲ್ಲಿ ಕೋರಸ್, ಆರ್ಕೆಸ್ಟ್ರಾ ನಡೆಸುತ್ತಿದ್ದ ಕಾರ್ಲ್ ರಿಕ್ಟರ್ ಜೊತೆ ಮಾಡಿದ ಬಾಖ್‌ನ ಕ್ರಿಸ್ಮಸ್ ಒರಟೋರಿಯೊ (ಯೇಸುವಿನ ಹುಟ್ಟಿನ ಕತೆ) ಒಂದೇ ಸಾಕು. ಮರುವರ್ಷ ಮೆಟ್ಟಿಲಿಂದ ಬಿದ್ದು ವುಂಡರ್ಲಿಖ್ ತೀರಿಕೊಂಡರು, 36 ಕೂಡ ತುಂಬಿರಲಿಲ್ಲ. ಅವರು ಬದುಕಿದ್ದರೆ ಶ್ರಾಯರ್‌ಗೆ ಇಷ್ಟು ಜಾಗ ಸಿಗುತ್ತಿತ್ತಾ?

ಎರಡನೆಯದು, ವಾದ್ಯಗಳು. ಶ್ರಾಯರ್ ಹಾಡಿದ್ದು ಹೆಚ್ಚಾಗಿ ಇಂದಿನ ಆರ್ಕೆಸ್ಟ್ರಾ ಜೊತೆ. ಬಾಖ್ ಕಾಲದ ವಾದ್ಯಗಳಿಟ್ಟುಕೊಂಡು ಮಾಡುವವರು ಶ್ರುತಿಯನ್ನು ಅರ್ಧ ಸ್ವರ ಕೆಳಗೆ ಇಡುತ್ತಾರೆ, 440 ಹರ್ಟ್ಸ್ ಬದಲು ಸುಮಾರು 415. ಇವಾಂಗೆಲಿಸ್ಟ್‌ಗೆ ಅದು ದೊಡ್ಡ ವರ. ಆ ಪಾತ್ರ ಗಂಟೆಗಟ್ಟಲೆ ದನಿಯ ಮೇಲ್ಗಡೆಯೇ ಓಡಾಡುತ್ತದೆ. ಅರ್ಧ ಸ್ವರ ಇಳಿದರೆ ಮಾತಾಡಿದಷ್ಟು ಸಲೀಸು. ಟೆನರ್ ಕ್ರಿಸ್ಟೋಫ್ ಪ್ರೆಗಾರ್ಡಿಯೆನ್ ಅವರು ಹಳೆ ವಾದ್ಯಗಳ ತಂಡ ನಡೆಸುತ್ತಿದ್ದ ಗುಸ್ಟಾಫ್ ಲಿಯೊನ್‌ಹಾರ್ಟ್ ಜೊತೆ ಹಾಡಿದ ಮತ್ತಾಯ ಕೇಳಿ. ಪ್ರೆಗಾರ್ಡಿಯೆನ್ ಕೂಡ ಜರ್ಮನ್, ಅವರೂ ಲಿಂಬುರ್ಗ್ ಕ್ಯಾಥೆಡ್ರಲ್‌ನ ಹುಡುಗರ ಕೋರಸ್‌ನಿಂದ ಬಂದವರು. ಎಷ್ಟು ಸಹಜವಾಗಿದೆ! ನನಗೆ ಅದೇ ಇಷ್ಟ.

ಬಲ್ಮಠ ಕೋರಸ್:

ಪ್ರೆಗಾರ್ಡಿಯೆನ್ ನನಗೂ ಇಷ್ಟ. ಶ್ರುತಿಯ ಮಾತು ಪೂರ್ತಿ ಸರಿ. ಆದರೆ "ಒಣ" ಅಂದಿರಲ್ಲ, ಅದರ ಬಗ್ಗೆ ಒಂದು ಮಾತು.

ಆ ಅಂಚಿನಿಂದಲೇ ವ್ಯಂಜನಗಳು ಕೇಳುವುದು. ಜರ್ಮನ್‌ನಲ್ಲಿ ಪದದ ಕೊನೆಗೆ ಟ, ಖ, ತ್ಸ ಇವೆಲ್ಲ ಗುಂಪುಗುಂಪಾಗಿ ಬರುತ್ತವೆ. ದನಿ ಜೇನಾದರೆ ಅವು ಅದರಲ್ಲಿ ಮುಳುಗಿಹೋಗುತ್ತವೆ. ಶ್ರಾಯರ್ ಹಾಡಿದಾಗ ಒಂದೂ ಮುಳುಗುವುದಿಲ್ಲ. ಕತೆ ಹೇಳುವವನಿಗೆ ಅದು ಬೇಕು. ವುಂಡರ್ಲಿಖ್ ಏರಿಯಗಳಿಗೆ ಹುಟ್ಟಿದ ದನಿ, ಅದರಲ್ಲಿ ಎರಡು ಮಾತಿಲ್ಲ. ಮ್ಯುನ್‌ಖಿಂಗರ್ ನಡೆಸಿದ 1964ರ ಮತ್ತಾಯದಲ್ಲಿ ವುಂಡರ್ಲಿಖ್ ಹಾಡಿದ್ದು ಏರಿಯಗಳನ್ನೇ. ಇವಾಂಗೆಲಿಸ್ಟ್ ಆಗಿದ್ದವರು ಇಂಗ್ಲೆಂಡಿನ ಪೀಟರ್ ಪಿಯರ್ಸ್.

ಪೇತ್ರ ಅಳುವ ಜಾಗವನ್ನೇ ತೆಗೆದುಕೊಳ್ಳಿ. ಕೋಳಿ ಕೂಗುವ ಮೊದಲು ನನ್ನನ್ನು ಅರಿಯೆ ಎಂದು ಮೂರು ಸಲ ಹೇಳುವೆ ಅಂತ ಯೇಸು ಅವನಿಗೆ ಹೇಳಿದ್ದ, ಅವನು ಹಾಗೇ ಹೇಳಿದ. ಕೋಳಿ ಕೂಗಿತು, ಪೇತ್ರನಿಗೆ ಯೇಸುವಿನ ಮಾತು ನೆನಪಾಯಿತು, ಹೊರಗೆ ಹೋದ. ಇಷ್ಟನ್ನೂ ಶ್ರಾಯರ್ ಸುದ್ದಿ ಹೇಳುವಂತೆ ಹೇಳುತ್ತಾರೆ, ಏನೂ ಸೇರಿಸದೆ. "ವೈನೆಟೆ ಬಿಟ್ಟರ್ಲಿಖ್", ಅಂದರೆ ಬಹಳ ದುಃಖದಿಂದ ಅತ್ತ, ಬಂದಾಗ ಮಾತ್ರ ತಡೆ ಒಡೆಯುತ್ತದೆ. ಮೊದಲಿಂದಲೂ ಅಳುತ್ತಿದ್ದರೆ ಅಲ್ಲಿ ಅಳಲು ಏನು ಉಳಿಯುತ್ತದೆ? ಆಮೇಲೆ ಆಲ್ಟೊ ಮತ್ತು ಪಿಟೀಲಿನ ಏರಿಯ ಬರುತ್ತದೆ, "ಎರ್ಬಾರ್ಮೆ ಡಿಖ್", ಕರುಣಿಸು ಅಂತ. ಅದಕ್ಕೆ ಬಾಗಿಲು ತೆರೆಯುವುದು ಈ ಒಂದು ಸಾಲು.

ಪಿಟೀಲು ಪೆಟ್ಟಿಗೆ:

ಇಂದು ಮತ್ತೆ ಕೇಳಿದೆ. 1979ರದ್ದು, ರಿಕ್ಟರ್ ಜೊತೆಗಿನದು. ವ್ಯಂಜನದ ಬಗ್ಗೆ ನೀವು ಹೇಳಿದ್ದು ನಿಜ. ನಾನು ಇಷ್ಟು ವರ್ಷ ಬರೀ ಸ್ವರ ಕೇಳುತ್ತಿದ್ದೆ ಅನ್ನಿಸುತ್ತದೆ. ಆದರೂ ಅದರಲ್ಲಿ ಇವಾಂಗೆಲಿಸ್ಟ್ ಜೊತೆಗೆ ಏರಿಯಗಳನ್ನೂ ಅವರೇ ಹಾಡಿದ್ದಾರೆ, ಏರಿಯಗಳಲ್ಲಿ ನನ್ನ ಮಾತು ಬದಲಾಗುವುದಿಲ್ಲ.

ಹಾಗೆ ನೋಡಿದರೆ 1970ರದ್ದು ನನಗೆ ಹೆಚ್ಚು ಹಿಡಿಸಿತು. ಡ್ರೆಸ್ಡೆನ್‌ನ ಕ್ರಾಯ್ತ್ಸ್‌ಕೋರ್ ಮತ್ತು ಲೈಪ್‌ಜಿಗ್‌ನ ಥೊಮಾನರ್‌ಕೋರ್, ಎರಡೂ ಹುಡುಗರ ಕೋರಸ್ ಒಂದೇ ರೆಕಾರ್ಡಿಂಗ್‌ನಲ್ಲಿ. ಇದನ್ನು ನಡೆಸಿದವರು ಅಣ್ಣ ತಮ್ಮ. ಅಣ್ಣ ರುಡೋಲ್ಫ್ ಮೌವರ್ಸ್‌ಬೆರ್ಗರ್ ಡ್ರೆಸ್ಡೆನ್‌ನಲ್ಲಿ, ತಮ್ಮ ಎರ್ಹಾರ್ಡ್ ಲೈಪ್‌ಜಿಗ್‌ನಲ್ಲಿ, ಅಂದರೆ ಬಾಖ್ ಕೂತ ಜಾಗದಲ್ಲೇ. ಮತ್ತಾಯ ಎರಡು ಕೋರಸ್‌ಗೆ ಬರೆದ ಕೃತಿ ಅಲ್ವಾ? ಅದಕ್ಕೆ ಇದಕ್ಕಿಂತ ಸರಿಯಾದ ಜೋಡಿ ಎಲ್ಲಿ ಸಿಗಬೇಕು. ಶ್ರಾಯರ್ ಇದರಲ್ಲಿ ಬರೀ ಇವಾಂಗೆಲಿಸ್ಟ್. ಯೇಸು ಥೇಯೊ ಆಡಮ್, ಅವರೂ ಅದೇ ಕ್ರಾಯ್ತ್ಸ್‌ಕೋರ್‌ನ ಹಳೆಯ ಹುಡುಗ. ಅಣ್ಣ ಮೌವರ್ಸ್‌ಬೆರ್ಗರ್ ಮರುವರ್ಷವೇ ತೀರಿಕೊಂಡರು. ಗುರು ತನ್ನ ಇಬ್ಬರು ಹುಡುಗರನ್ನು ಎದುರಿಗೆ ನಿಲ್ಲಿಸಿಕೊಂಡು ಮಾಡಿದ್ದು ಅಂತ ತಿಳಿದ ಮೇಲೆ ಬೇರೆ ಥರ ಕೇಳುತ್ತದೆ.

ಎಲ್ಬೆ ದಂಡೆ:

ಆಡಮ್ 2019ರ ಜನವರಿಯಲ್ಲಿ ಹೋದರು, ಶ್ರಾಯರ್ ಅದೇ ವರ್ಷ ಡಿಸೆಂಬರ್‌ನಲ್ಲಿ. ನಾನು ಹಾಡುವ ಚರ್ಚ್ ಕೋರಸ್‌ನ ಹಿರಿಯರು ಆ ವರ್ಷದ ಬಗ್ಗೆ ಈಗಲೂ ಹೇಳುತ್ತಾರೆ.

ಅಪಾರ್ಟ್‌ಮೆಂಟ್ 4ನೇ ಮಹಡಿ:

ಸುಮ್ನೆ ಓದುತ್ತಿದ್ದೆ, ಒಂದು ಕೇಳಲೇ? ನನ್ನ ಮಗಳು ಬೆಂಗಳೂರಿನಲ್ಲಿ ಪಾಶ್ಚಾತ್ಯ ಗಾಯನ ಕಲಿಯುತ್ತಿದ್ದಾಳೆ. ಬರೀ ಬಾಖ್ ಹಾಡಿಕೊಂಡು ಹೊಟ್ಟೆ ತುಂಬುತ್ತದೆಯೇ? ಶ್ರಾಯರ್ ಹೇಗೆ ಬದುಕಿದರು?

ಎಲ್ಬೆ ದಂಡೆ:

ಅಕ್ಕ, ಶ್ರಾಯರ್ ಬರೀ ಬಾಖ್ ಹಾಡಿದವರಲ್ಲ. 1959ರಲ್ಲಿ ಡ್ರೆಸ್ಡೆನ್ ಒಪೆರಾದಲ್ಲಿ ಬೇಟ್‌ಹೋವನ್‌ನ ಫಿಡೆಲಿಯೊದ ಒಬ್ಬ ಕೈದಿಯ ಸಣ್ಣ ಪಾತ್ರದಿಂದ ಶುರು ಮಾಡಿದರು. 1963ರಲ್ಲಿ ಬರ್ಲಿನ್ ಸ್ಟೇಟ್ ಒಪೆರಾ. 1967ರಿಂದ ಸಾಲ್ಜ್‌ಬುರ್ಗ್ ಉತ್ಸವ. ಮೊಜಾರ್ಟ್‌ನ ಪಾತ್ರಗಳಲ್ಲಿ ದೊಡ್ಡ ಹೆಸರು. ವಾಗ್ನರ್‌ನಲ್ಲಿ ಕುತಂತ್ರಿ ಕುಳ್ಳ ಮೀಮೆ ಕೂಡ ಆಗಿದ್ದಾರೆ, ಪಿಟೀಲು ಸರ್ ಹೇಳಿದ ಅಂಚು ಅಲ್ಲಿ ಎಷ್ಟು ಸರಿಯಾಗಿ ಕೂರುತ್ತದೆ ಕೇಳಿ. ಶೂಬರ್ಟ್ ಹಾಡುಗಳು ಇನ್ನೊಂದು ಲೋಕ. 1985ರ ಫೆಬ್ರವರಿಯಲ್ಲಿ ಇಲ್ಲಿನ ಒಪೆರಾ ಮನೆಯನ್ನು ಮತ್ತೆ ಕಟ್ಟಿ ತೆರೆದಾಗ ಸ್ವ್ಯಾತೊಸ್ಲಾವ್ ರಿಕ್ಟರ್ (ಇವರು ಬೇರೆ ರಿಕ್ಟರ್) ಪಿಯಾನೊ ಜೊತೆ ಶೂಬರ್ಟ್‌ನ ಹಾಡುಮಾಲೆ "ವಿಂಟರ್‌ರೈಸೆ" ಹಾಡಿದರು. ಅದರ ರೆಕಾರ್ಡಿಂಗ್ ಇದೆ. ಜನ ಕೆಮ್ಮುವುದೂ ಕೇಳುತ್ತದೆ.

ಈಗಿನ ಟೆನರ್‌ಗಳ ಬದುಕು ನಾನು ನಮ್ಮ ಚರ್ಚ್ ಕೋರಸ್‌ನಲ್ಲಿ ನೋಡಿದಷ್ಟು ಹೇಳುತ್ತೇನೆ. ನಾವು ಎಪ್ಪತ್ತು ಜನ, ಎಲ್ಲರಿಗೂ ಬೇರೆ ಕೆಲಸ ಇದೆ. ವಾರಕ್ಕೊಂದು ಸಂಜೆ ಅಭ್ಯಾಸ. ನಾನು ಆಲ್ಟೊದಲ್ಲಿ, ಎರಡನೇ ಸಾಲಿನಲ್ಲಿ. ತಿಂಗಳುಗಟ್ಟಲೆ ಕಲಿಯುತ್ತೇವೆ. ಸೋಲೊ ಹಾಡುವವರು ಹಣಕ್ಕೆ ಬರುವವರು, ಕೊನೆಯ ರಿಹರ್ಸಲ್ ದಿನವೇ ನಾವು ಅವರ ಮುಖ ನೋಡುವುದು. ಡಿಸೆಂಬರ್‌ನಲ್ಲಿ ಜರ್ಮನಿಯ ಸಣ್ಣ ಪುಟ್ಟ ಊರಿನ ಚರ್ಚಿನಲ್ಲೂ ಕ್ರಿಸ್ಮಸ್ ಒರಟೋರಿಯೊ, ಈಸ್ಟರ್‌ಗೆ ಮೊದಲು ಪ್ಯಾಶನ್. ಒಳ್ಳೆ ಇವಾಂಗೆಲಿಸ್ಟ್ ಆ ವಾರಗಳಲ್ಲಿ ಇಂದು ಒಂದೂರು ನಾಳೆ ಒಂದೂರು, ರೈಲಿನಲ್ಲೇ ವಾಸ. ಉಳಿದ ತಿಂಗಳು ಪಾಠ ಹೇಳುತ್ತಾರೆ.

ಕಳೆದ ವರ್ಷ ನಮ್ಮ ಕಾರ್ಯಕ್ರಮದ ದಿನ ಬೆಳಿಗ್ಗೆ ಟೆನರ್‌ಗೆ ಗಂಟಲು ಹೋಯಿತು. ನಮ್ಮ ಕಾಂಟೋರ್, ಅಂದರೆ ಕೋರಸ್ ನಡೆಸುವವರು, ಕಾಫಿ ಕೂಡ ಕುಡಿಯದೆ ಫೋನ್ ಹಿಡಿದು ಕೂತರು. ಮಧ್ಯಾಹ್ನ ಎರಡಕ್ಕೆ ಬೇರೆ ಊರಿನಿಂದ ಒಬ್ಬರು ಬಂದಿಳಿದರು. ಐದಕ್ಕೆ ಶುರು. ನಮ್ಮ ಜೊತೆ ಒಂದು ಸಲವೂ ಹಾಡಿರಲಿಲ್ಲ. ಇಡೀ ಕತೆಯನ್ನು ನಮ್ಮ ಕಡೆ ಒಮ್ಮೆ, ಜನರ ಕಡೆ ಒಮ್ಮೆ ನೋಡುತ್ತ ಹೇಳಿಬಿಟ್ಟರು. ಮುಗಿದ ಮೇಲೆ ಚರ್ಚಿನ ಹಿಂದೆ ನಿಂತು ಬ್ರೆಡ್ ತಿನ್ನುತ್ತಿದ್ದರು, ಮರುದಿನ ಬೆಳಿಗ್ಗೆ ಇನ್ನೊಂದು ಊರು. ಮಗಳಿಗೆ ಹೇಳಿ ಅಕ್ಕ, ಕಷ್ಟ ಇದೆ. ಆದರೆ ಇಂಥವರು ಇದ್ದಾರೆ.

ಮೈಸೂರು ಕೇಳುಗ:

ಇದೆಲ್ಲ ಓದಿ ನನಗೆ ಒಂದು ಅನುಮಾನ. ಡ್ರೆಸ್ಡೆನ್ ಆಗ ಪೂರ್ವ ಜರ್ಮನಿಯಲ್ಲಿತ್ತು, ಅಲ್ಲಿ ಕಮ್ಯುನಿಸ್ಟ್ ಸರ್ಕಾರ ಅಲ್ಲವೇ? ಚರ್ಚಿನ ಸಂಗೀತಕ್ಕೆ ಬಿಡುತ್ತಿದ್ದರೇ? ಇವರು ಹೊರದೇಶಕ್ಕೆ ಹೋಗಿ ಬರುತ್ತಿದ್ದರೇ?

ಪಿಟೀಲು ಪೆಟ್ಟಿಗೆ:

ಹೋಗಿ ಬರುತ್ತಿದ್ದರು ಸರ್. ಸಾಲ್ಜ್‌ಬುರ್ಗ್, ಮ್ಯೂನಿಕ್, ನ್ಯೂಯಾರ್ಕ್ ಎಲ್ಲ ಕಡೆ ಹಾಡಿದ್ದಾರೆ. 1961ರಲ್ಲಿ ಬರ್ಲಿನ್ ಗೋಡೆ ಎದ್ದ ಮೇಲೆ ಸಾಮಾನ್ಯ ಜನರಿಗೆ ಅದು ಕನಸಿನ ಮಾತು. ಆ ಸರ್ಕಾರಕ್ಕೆ ಇಂಥ ಕಲಾವಿದರಿಂದ ಹೆಸರೂ ಬರುತ್ತಿತ್ತು, ಡಾಲರೂ ಬರುತ್ತಿತ್ತು. ಬಾಖ್ ಅವರಿಗೂ ಬೇಕಿತ್ತು, ದೇಶದ ಆಸ್ತಿ ಅಂತ. ಹಾಗಾಗಿ ಪ್ಯಾಶನ್ ನಡೆಯುತ್ತಲೇ ಇತ್ತು, ಜನ ಚರ್ಚು ತುಂಬುತ್ತಲೇ ಇದ್ದರು. ಆ ಜನ ಅಲ್ಲಿ ಏನು ಕೇಳಿಸಿಕೊಂಡರು ಅನ್ನುವುದನ್ನು ಯಾವ ಸರ್ಕಾರ ತಡೆಯುತ್ತದೆ? ಶ್ರಾಯರ್ ಹೊರಗೇ ಉಳಿಯಬಹುದಿತ್ತು. ಉಳಿಯಲಿಲ್ಲ, ಪ್ರತಿ ಸಲ ಡ್ರೆಸ್ಡೆನ್‌ಗೆ ಮರಳಿದರು. ನಾನು ಅವರ ದನಿಯ ಬಗ್ಗೆ ತಕರಾರು ಮಾಡಿದವನು, ಆದರೆ ಈ ವಿಷಯದಲ್ಲಿ ಗೌರವ ಇದೆ.

ಬಲ್ಮಠ ಕೋರಸ್:

ಒಂದು ಮುಖ್ಯ ವಿಷಯ ಯಾರೂ ಹೇಳಲಿಲ್ಲ. 1970ರಿಂದ ಅವರು ಆರ್ಕೆಸ್ಟ್ರಾ ನಡೆಸಲೂ ಶುರು ಮಾಡಿದರು. ಆಮೇಲೆ ಎರಡನ್ನೂ ಒಟ್ಟಿಗೆ ಮಾಡಿದರು. ಇವಾಂಗೆಲಿಸ್ಟ್ ಹಾಡುವವರೂ ಅವರೇ, ಕೋರಸ್ ಮತ್ತು ಆರ್ಕೆಸ್ಟ್ರಾ ನಡೆಸುವವರೂ ಅವರೇ. 80ರ ದಶಕದಲ್ಲಿ ಮತ್ತಾಯ, ಬಾಖ್‌ನ ಇನ್ನೊಂದು ಪ್ಯಾಶನ್ ಆದ ಯೋಹಾನ, ಕ್ರಿಸ್ಮಸ್ ಒರಟೋರಿಯೊ ಮೂರನ್ನೂ ಹೀಗೆ ರೆಕಾರ್ಡ್ ಮಾಡಿದ್ದಾರೆ.

ಇದು ಸುಮ್ಮನೆ ಚಮತ್ಕಾರ ಅಲ್ಲ. ನಾನು ಹಾಡುವವನಾಗಿ ಹೇಳುತ್ತೇನೆ. ಸಾಮಾನ್ಯವಾಗಿ ಇವಾಂಗೆಲಿಸ್ಟ್ ಒಂದು ಸಾಲು ಮುಗಿಸುತ್ತಾನೆ, ನಡೆಸುವವರು ಕೈ ಎತ್ತುತ್ತಾರೆ, ಕೋರಸ್ ಹೊರಡುತ್ತದೆ. ಅಲ್ಲಿ ಒಂದು ಕೂದಲೆಳೆ ಬಿರುಕು ಇರುತ್ತದೆ. ರೋಮನ್ ಅಧಿಪತಿ ಪಿಲಾತ ಸೆರೆಯಾಳು ಬರಬ್ಬ, ಯೇಸು ಇಬ್ಬರಲ್ಲಿ ಯಾರನ್ನು ಬಿಡಲಿ ಎಂದು ಕೇಳುತ್ತಾನೆ, ಗುಂಪು "ಬರಬ್ಬನನ್ನು" ಅಂತ ಒಂದೇ ಪದ ಕೂಗುತ್ತದೆ. ಕತೆ ಹೇಳುವವನ ಉಸಿರಿನಿಂದಲೇ ಆ ಕೂಗು ಹೊರಟರೆ ಬಿರುಕೇ ಇಲ್ಲ. ಕತೆಗಾರನ ಬಾಯಿಂದ ಗುಂಪು ಎದ್ದು ಬಂದ ಹಾಗೆ ಆಗುತ್ತದೆ. ಶ್ರಾಯರ್ ಓಟವೂ ಚುರುಕು. ಹಳೆಯವರ ಹಾಗೆ ಎಳೆದು ಎಳೆದು ನಿಲ್ಲಿಸುವುದಿಲ್ಲ. ಹಳೆ ವಾದ್ಯದವರಿಂದ ಅವರೂ ಕಲಿತಿದ್ದಾರೆ, ಕಿವಿ ಮುಚ್ಚಿಕೊಂಡು ಕೂತವರಲ್ಲ.

ಎಲ್ಬೆ ದಂಡೆ:

ಬಲ್ಮಠ ಸರ್, ಅವರು ಕೊನೆಯ ಸಲ ಹಾಡಿದ್ದೂ ಹೀಗೇ. ಒಪೆರಾ ಬಿಟ್ಟಿದ್ದು 2000ದ ಜೂನ್‌ನಲ್ಲಿ, ಮೊಜಾರ್ಟ್‌ನ ಮಾಯಾ ಕೊಳಲಿನ ರಾಜಕುಮಾರ ಟಮೀನೊ ಆಗಿ. ಪುಟ್ಟ ಹುಡುಗನಾಗಿದ್ದಾಗ ಅದೇ ಒಪೆರಾದಲ್ಲಿ ಮೂವರು ಬಾಲಕರಲ್ಲಿ ಒಬ್ಬನಾಗಿ ಹಾಡಿದ್ದರು. ಚರ್ಚಿನ ಸಂಗೀತ ಇನ್ನೂ ಐದು ವರ್ಷ ಹಾಡಿದರು. 2005ರ ಡಿಸೆಂಬರ್ 22, ಪ್ರಾಗ್, ಕ್ರಿಸ್ಮಸ್ ಒರಟೋರಿಯೊ. ಎಪ್ಪತ್ತು ವರ್ಷ. ನಡೆಸುತ್ತಲೇ ಇವಾಂಗೆಲಿಸ್ಟ್ ಹಾಡಿದರು. ಅಲ್ಲಿಗೆ ಹಾಡುವುದನ್ನು ನಿಲ್ಲಿಸಿದರು. ಎಂಟನೇ ವಯಸ್ಸಿನಿಂದ ಎಪ್ಪತ್ತರವರೆಗೆ.

ಮೈಸೂರು ಕೇಳುಗ:

ಅಮ್ಮ, ನಿನ್ನೆ ರಾತ್ರಿ ನಾನು ಮತ್ತು ನನ್ನ ಹೆಂಡತಿ ಕೂತು ಕೇಳಿದೆವು. 1970ರದ್ದು. ಕನ್ನಡ ಬೈಬಲ್‌ನ ಮತ್ತಾಯ 26ನೇ ಅಧ್ಯಾಯ ತೆರೆದಿಟ್ಟುಕೊಂಡು ಸಾಲು ಸಾಲು ಹಿಡಿದು ಹೋದೆವು. ಹೆಸರುಗಳು ಬಂದಾಗ ಎಲ್ಲಿದ್ದೇವೆ ಅಂತ ತಿಳಿಯುತ್ತಿತ್ತು. ಪೇತ್ರ ಮೂರನೇ ಸಲ ಆ ಮನುಷ್ಯನನ್ನು ನಾನರಿಯೆ ಎಂದ. ಕೋಳಿ ಕೂಗಿತು. ಬಲ್ಮಠದವರು ಹೇಳಿದ ಹಾಗೇ ಏನೂ ಸೇರಿಸದೆ ಹೇಳುತ್ತಿದ್ದ ದನಿ, ಒಂದು ಪದದಲ್ಲಿ ಒಡೆಯಿತು.

ಪಿಟೀಲಿನ ಹಾಡು ಶುರುವಾಗುವ ಮೊದಲೇ ನನ್ನ ಹೆಂಡತಿ ನಿಲ್ಲಿಸಿ ಎಂದಳು. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಹಿಂದಕ್ಕೆ ಹಾಕಿ, ಕೋಳಿ ಕೂಗುವಲ್ಲಿಂದ ಮತ್ತೆ ಹಾಕಿ ಎಂದಳು. ಮುಂದೆ ಯಾವುದು ಕೇಳಬೇಕು ಅಂತ ಅವಳೇ ಕೇಳಿದ್ದಾಳೆ.

ಎಲ್ಬೆ ದಂಡೆ:

ಅಮ್ಮನಿಗೆ ನನ್ನ ನಮಸ್ಕಾರ ಹೇಳಿ ಸರ್. ಯೋಹಾನ ಪ್ಯಾಶನ್ ಕೇಳಿ, ಶ್ರಾಯರ್ ತಾವೇ ನಡೆಸಿದ್ದು. ಅಲ್ಲೂ ಪೇತ್ರ ಅಳುತ್ತಾನೆ. ಯೋಹಾನನ ಸುವಾರ್ತೆಯಲ್ಲಿ ಆ ಮಾತೇ ಇಲ್ಲ, ಬಾಖ್ ಅದನ್ನು ಮತ್ತಾಯನಿಂದ ತಂದು ಸೇರಿಸಿದ್ದಾನೆ, ಬಿಡಲು ಮನಸ್ಸಾಗದೆ. ಇಲ್ಲಿ ಅಳು ಇನ್ನೂ ಉದ್ದ, ಅರ್ಧರ್ಧ ಸ್ವರ ತೆವಳಿಕೊಂಡು ಹೋಗುತ್ತದೆ. ತಕ್ಷಣ ಟೆನರ್ ಏರಿಯ, "ಆಖ್, ಮೈನ್ ಸಿನ್", ಅಯ್ಯೋ ನನ್ನ ಮನಸ್ಸೇ ಅಂತ. ಅದು ಬಿರುಗಾಳಿ.

ನಮ್ಮ ಕೋರಸ್ ಈ ಸಲ ಶುಭ ಶುಕ್ರವಾರಕ್ಕೆ ಅದನ್ನೇ ಹಾಡುತ್ತಿದೆ. ಆ ದಿನ ನನಗೆ ಬೆಳಗಿನ ಪಾಳಿ, ಎರಡೂವರೆಗೆ ಮುಗಿಯುತ್ತದೆ. ಸಂಜೆ ಹಾಡಲು ಹೋಗುತ್ತೇನೆ. ಇಯರ್‌ಫೋನ್ ಕೊಟ್ಟ ಅಜ್ಜ ಮಾರ್ಚ್‌ನಲ್ಲಿ ಮನೆಗೆ ಹೋದರು, ಗುಣವಾಗಿಯೇ ಹೋದರು. ಟಿಕೆಟ್ ತಗೊಂಡಿದ್ದೇನೆ, ಮುಂದಿನ ಸಾಲಿನದು ಅಂತ ಫೋನ್ ಮಾಡಿದ್ದರು.